ದೇವರ ಕಡ್ಡಿಗೆ ಸಿಕ್ಕಿದ ಜಡೆ

ಗಾವಡಗೆರೆಯ ಸಿದ್ದಮಲ್ಲಪ್ಪನ ಮಗಳು ಶಿವರುದ್ರಮ್ಮ ಇಂಗ್ಲಿಷಿನಲ್ಲಿ ಎರಡನೆಯ ಸಲ ಫೇಲಾದದ್ದು ಒಂದು ಇಲಿಯ ದೆಸೆಯಿಂದ.

೧೯೬೮ರ ಮಾರ್ಚ್ ತಿಂಗಳ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಐದು ಪದಗಳನ್ನು ಕೊಟ್ಟು, ಒಂದೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದರು. ಟ್ರ್ಯಾಪ್, ಎಂಟ್ಯಾಂಗಲ್, ಎನ್‌ಮೆಶ್, ಎಂಬ್ರಾಯಿಲ್, ಬಾಗ್. ಅವಳ ಗೈಡಿನಲ್ಲಿ ಐದಕ್ಕೂ ಒಂದೇ ಅರ್ಥವಿತ್ತು: ‘ಸಿಕ್ಕಿಹಾಕಿಕೊಳ್ಳು’. ಅರ್ಥವೇ ಒಂದಾದ ಮೇಲೆ ಸಿಕ್ಕಿಕೊಳ್ಳುವ ಪ್ರಾಣಿ ಬೇರೆ ಬೇರೆ ಏಕಿರಬೇಕು? ರುದ್ರಿ ಒಂದೇ ಇಲಿಯನ್ನು ಐದು ವಾಕ್ಯಗಳಲ್ಲಿ ಐದು ಸಲ ಹಿಡಿದುಹಾಕಿದಳು. ಪಾಸಾಗಲು ಮೂವತ್ತೈದು ಬೇಕಿತ್ತು. ಬಂದದ್ದು ಮೂವತ್ತೊಂದು. ಇಲಿ ತಪ್ಪಿಸಿಕೊಂಡಿತ್ತು, ರುದ್ರಿ ಸಿಕ್ಕಿಬಿದ್ದಿದ್ದಳು.

ಇನ್ನು ಉಳಿದದ್ದು ಸೆಪ್ಟೆಂಬರಿನ ಪರೀಕ್ಷೆ ಒಂದೇ. ಅದರಲ್ಲಿ ಇಂಗ್ಲಿಷ್ ಪಾಸಾದರೆ ಮೈಸೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಸೇರಿಸಿಕೊಳ್ಳುವುದಾಗಿ ಕಾಗದ ಬಂದಿತ್ತು. ಆಗದಿದ್ದರೆ ಸೀಟು ಇನ್ನೊಬ್ಬಳ ಪಾಲು. ಸಿದ್ದಮಲ್ಲಪ್ಪನೂ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ:

“ಮೂರ್ನೇ ಸಲ ಆದ್ರೆ ಆಯ್ತು ಕಣ್ ಮಗಾ. ಇಲ್ದಿದ್ರೆ ಪುಸ್ತಕ ಅಟ್ಟಕ್ಕಾಕಿ ಬ್ಯಾರನ್ ನೋಡ್ಕಂಡಿರು.”

ಬ್ಯಾರನ್ ಎಂದರೆ ಅವನ ಹಿತ್ತಲಿನಲ್ಲಿ ಎರಡಾಳೆತ್ತರಕ್ಕೆ ನಿಂತಿದ್ದ, ಕಿಟಕಿಯಿಲ್ಲದ ಮಣ್ಣಿನ ಗೂಡು. ಹೊಗೆಸೊಪ್ಪಿನ ಹಸಿ ಎಲೆಗಳನ್ನು ಆಳುದ್ದದ ಕಡ್ಡಿಗಳಿಗೆ ಕಟ್ಟಿ, ಅದರೊಳಗೆ ಸಾಲುಸಾಲಾಗಿ ತೂಗುಹಾಕಿ, ಆರು ದಿನ ಬಿಡದೆ ಬೆಂಕಿಯ ಕಾವು ಕೊಟ್ಟರೆ ಎಲೆ ಹೊಂಬಣ್ಣಕ್ಕೆ ತಿರುಗುತ್ತದೆ. ಕಾವು ಎಷ್ಟೆಂದು ತೋರಿಸಲು ಒಳಗೆ ಒಂದು ಥರ್ಮಾಮೀಟರು. ಅದರ ಅಂಕಿಗಳನ್ನು ಓದಬಲ್ಲವಳು ಆ ಮನೆಯಲ್ಲಿ ರುದ್ರಿಯೊಬ್ಬಳೇ. ಸಿದ್ದಮಲ್ಲಪ್ಪ ಹೆಬ್ಬೆಟ್ಟಿನಿಂದ ಸಹಿಯವರೆಗೆ ಏರಿದ್ದ, ಅಂಕಿಗಳ ತನಕ ಏರಿರಲಿಲ್ಲ. ಮಗಳು ಪಾಸಾಗಲಿ ಎಂದು ಅವನು ದೇವರಿಗೆ ಕೈಮುಗಿಯುತ್ತಿದ್ದದ್ದು ನಿಜ. ಕೈಮುಗಿದು ಹಿಂತಿರುಗುವಾಗ, ಅವಳು ಹೋದರೆ ಅಂಕಿ ಓದುವವರಾರು ಎಂದು ಎದೆಯ ಒಂದು ಮೂಲೆ ಗೊಣಗುತ್ತಿದ್ದದ್ದೂ ಅಷ್ಟೇ ನಿಜ.

ಆ ವರ್ಷ ಮುಂಗಾರು ತಡವಾಗಿ, ನಾಟಿಯೂ ತಡವಾಗಿ, ಮೊದಲ ಬ್ಯಾರನ್ ತುಂಬುವ ದಿನವೂ ಇಂಗ್ಲಿಷ್ ಪರೀಕ್ಷೆಯ ದಿನವೂ ಒಂದೇ ಆಗಿ ಕೂತವು.

“ಎಲೆ ಮುರ್ದಾಗದೆ. ಇವತ್ತು ಸಂಜೆ ಒಳಗೆ ಬೆಂಕಿ ಕಾಣ್ದಿದ್ರೆ ಎಲ್ಲಾ ತಿಪ್ಪೆಗೇಯ” ಎಂದ ಸಿದ್ದಮಲ್ಲಪ್ಪ.

“ಬಸ್ಸಿರಾದು ಎಂಟೂಕಾಲ್ಗೆ ಅಪ್ಪಾಜಿ. ಅಷ್ಟ್ರೊಳಗೆ ದೇವರ ಕಡ್ಡಿ ಮುಗುಸ್ಬುಡಾನ” ಎಂದಳು ರುದ್ರಿ.

ಆ ಮನೆತನದಲ್ಲಿ ವರ್ಷದ ಮೊಟ್ಟಮೊದಲ ಕಡ್ಡಿಗೆ ದೇವರ ಕಡ್ಡಿ ಎಂದು ಹೆಸರು. ಅದರ ನೇಮಗಳು ಮೂರು. ಮನೆಮಗಳು ಮುಂದೆ ಕೂತು ಎಲೆಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಕೊಡಬೇಕು; ಹಿಂದೆ ಕೂತವಳು ಕೈ ನೋಡಿಕೊಳ್ಳದೆ, ಹುಟ್ಟುವ ಸೂರ್ಯನ ಕಡೆಗೇ ಕಣ್ಣಿಟ್ಟು ಅವನ್ನು ಕಡ್ಡಿಗೆ ಕಟ್ಟಬೇಕು; ಕಟ್ಟಿದ ಮೇಲೆ, ಬ್ಯಾರನ್ನಿನಲ್ಲಿ ಬೇಯುವ ತನಕ ಆ ದಾರಕ್ಕೆ ಕಬ್ಬಿಣ ಸೋಕಬಾರದು, ಗಂಟು ಬಿಚ್ಚಬಾರದು. ಮೂರು ವರ್ಷದ ಹಿಂದೆ ಒಮ್ಮೆ ಎಲೆ ಸರಿಯಾಗಿ ಕೂರಲಿಲ್ಲವೆಂದು ದಾರ ಕುಯ್ದು ಹೊಸದಾಗಿ ಕಟ್ಟಿದ್ದರು. ನಾಲ್ಕನೆಯ ದಿನ ಬ್ಯಾರನ್ ಧಗಧಗ ಉರಿದು, ಆಕಾಶ ಕಾಣುವಂತಾಗಿತ್ತು.

ಕಟ್ಟುವವಳು ಸೋಮಮ್ಮ. ಗಾವಡಗೆರೆಯಲ್ಲಿ ಅವಳಷ್ಟು ವೇಗವಾಗಿ ಕಡ್ಡಿ ಕಟ್ಟುವವರು ಇನ್ನೊಬ್ಬರಿರಲಿಲ್ಲ. ಅವಳಿಗಿಂತ ಹೆಚ್ಚಾಗಿ ಅದನ್ನು ಹೇಳಿಕೊಳ್ಳುವವರೂ ಇರಲಿಲ್ಲ.

ಪೂರ್ವ ಕೆಂಪಾಯಿತು. ರುದ್ರಿ ಮುಂದೆ ಕೂತಳು. ಬಲಗೈ ಮೂರು ಮೂರು ಎಲೆಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚುತ್ತಿತ್ತು. ಎಡಗೈಯಲ್ಲಿ ಪದಗಳ ಚೀಟಿ. ಬಾಯಿಪಾಠಕ್ಕೆ ಕೂತ ಮಕ್ಕಳೆಲ್ಲರಂತೆ ಅವಳೂ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. “ಎಂಟ್ಯಾಂಗಲ್, ಸಿಕ್ಕಿಹಾಕಿಕೊಳ್ಳು. ಎನ್‌ಮೆಶ್, ಸಿಕ್ಕಿಹಾಕಿಕೊಳ್ಳು.” ಅವಳು ಹಿಂದಕ್ಕೆ ತೂಗಿದಾಗಲೆಲ್ಲ ಮೊಣಕಾಲುದ್ದದ ಜಡೆ ಸೋಮಮ್ಮನ ಮಡಿಲಿಗೆ ಬಂದು ಬೀಳುತ್ತಿತ್ತು. ಸೋಮಮ್ಮನ ಕಣ್ಣು ಸೂರ್ಯನ ಮೇಲಿತ್ತು. ಕೈಗಳು ಮಾತ್ರ ಕೈಗೆ ಬಂದದ್ದನ್ನೆಲ್ಲ ಕಟ್ಟುತ್ತಿದ್ದವು.

ಬಿಸಿಲಿನ ಮೊದಲ ಗೆರೆ ಬ್ಯಾರನ್ನಿನ ನೆತ್ತಿ ಮುಟ್ಟುವ ಹೊತ್ತಿಗೆ ಕೊನೆಯ ಗಂಟು ಬಿತ್ತು.

“ಆಯ್ತು ಕಣಣ್ಣಾ, ಎತ್ತಿ!”

ಸಿದ್ದಮಲ್ಲಪ್ಪ ಕಡ್ಡಿಯ ಒಂದು ತುದಿ ಹಿಡಿದ. ಅವನ ಹೆಂಡತಿ ಭದ್ರಮ್ಮ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಶಿವನ ಹೆಸರು ಹೇಳಿ ಎತ್ತಿದರು.

ಕಡ್ಡಿಯ ಜೊತೆಗೆ ರುದ್ರಿಯೂ ಮೇಲಕ್ಕೆದ್ದಳು.

“ಅವ್ವೋ! ಬುಡ್ರೀ! ನನ್ ಜಡೆ!”

ಮೂವರೂ ಬಗ್ಗಿ ನೋಡಿದರು. ನೂರು ಹಸಿರೆಲೆಗಳ ನಡುವೆ, ಮೂರು ಕಡೆ ದಾರದ ಬಿಗಿ ಕುಣಿಕೆಯೊಳಗೆ, ಎಲೆಯ ಅಂಟಿನಲ್ಲಿ ಅದ್ದಿದಂತೆ, ಕಪ್ಪು ಜಡೆ ಕೂತಿತ್ತು. ಕುಸುರಿ ಕೆಲಸದಷ್ಟು ಅಚ್ಚುಕಟ್ಟು.

“ಅದ್ಕೇಯ!” ಎಂದಳು ಸೋಮಮ್ಮ ಬೆರಗಾಗಿ. “ಈ ಸಲ ಎಲೆಗೆ ಅರಳೆಣ್ಣೆ ವಾಸ್ನೆ ಯಾಕ್ ಬತ್ತದೆ ಅನ್ಕಂಡೆ ಕಣವ್ವಾ!”

“ವಾಸ್ನೆ ಬಂದ್ ಮ್ಯಾಲೂ ಕಟ್ಟುದ್ಯಾ?” ಭದ್ರಮ್ಮ ಸೊಂಟಕ್ಕೆ ಕೈಯಿಟ್ಟಳು. “ಎಲೆ ಯಾವ್ದು, ಕೂದ್ಲು ಯಾವ್ದು ಗೊತ್ತಾಗಾಕಿಲ್ವಾ ನಿಂಗೆ?”

“ಕೈ ನೋಡ್ಬ್ಯಾಡ ಅಂದೋರು ನೀವೇಯ! ನಿಮ್ ಮಗಳು ತೂಗಾಡ್ದೆ ಕೂತಿದ್ರೆ ಆಗ್ತಿತ್ತಾ? ನನ್ ಗಂಟಿಗೆ ಇಪ್ಪತ್ತು ವರ್ಷದಿಂದ ಯಾರೂ ಒಂದ್ ಮಾತಾಡಿಲ್ಲ!”

“ಇವತ್ತು ನಾನ್ ಆಡ್ತೀನಿ!”

ಜಗಳ ಕಡ್ಡಿಯಿಂದ ಹೊರಟು ಹೋದ ವರ್ಷದ ಮದುವೆಯೂಟದ ತನಕ ಹೋಗಿ, ಅಲ್ಲಿಂದ ಸೋಮಮ್ಮನ ತವರಿಗೆ ತಿರುಗಿತು. ನಡುವೆ ನಿಂತಿದ್ದ ಸಿದ್ದಮಲ್ಲಪ್ಪ ಒಮ್ಮೆ ‘ಇರ್ಲಿ ಬುಡ್ರಮ್ಮಾ’ ಎಂದದ್ದೇ ತಪ್ಪಾಯಿತು. ಇಬ್ಬರೂ ಕೂಡಿ ಅವನನ್ನೇ ಜಗಳದೊಳಗೆ ಎಳೆದುಕೊಂಡರು. ತಲೆ ಅಲ್ಲಾಡಿಸಲಾಗದೆ ಕಡ್ಡಿಯ ಪಕ್ಕ ಬಗ್ಗಿ ನಿಂತಿದ್ದ ರುದ್ರಿ ಅಪ್ಪನ ಪಾಡನ್ನು ಓರೆಗಣ್ಣಿನಲ್ಲಿ ನೋಡಿದಳು. ಇದ್ದಕ್ಕಿದ್ದಂತೆ ಅವಳಿಗೊಂದು ಹೊಳೆಯಿತು.

ಎಂಬ್ರಾಯಿಲ್. ಇದು ಎಂಬ್ರಾಯಿಲ್! ಪರರ ಜಗಳದ ನಡುವೆ ಸಿಕ್ಕಿಕೊಳ್ಳುವುದು. ಇಲಿಗೆ ಎಲ್ಲಿಯ ಜಗಳ?

ಗೋಡೆಯ ಗಡಿಯಾರ ಏಳೂವರೆ ಬಾರಿಸಿತು.

“ದಾರ ಕುಯ್ದಾಕಿ” ಎಂದಳು ಭದ್ರಮ್ಮ, ಉಸಿರು ತೆಗೆದುಕೊಳ್ಳುತ್ತ.

ಎಲ್ಲರ ಕಣ್ಣೂ ಬ್ಯಾರನ್ನಿನ ಕಡೆಗೆ ತಿರುಗಿದವು. ಸುಟ್ಟ ಬ್ಯಾರನ್ನಿನ ಕರಿ ಇನ್ನೂ ಹಳೆಯ ಗೋಡೆಯ ಮೇಲಿತ್ತು.

“ಅಂಗಾದ್ರೆ ಜಡೇನೇ…” ಎಂದು ಸೋಮಮ್ಮ ಬಾಯಿ ತೆರೆದಳು.

“ಮದ್ವೆ ಆಗ್ದಿರಾ ಎಣ್ ಮಗಳ ಜಡೆಗೆ ಕತ್ರಿ ಆಕುಸ್ತೀಯಾ? ನಾಲ್ಗೆ ಕುಯ್ದೇನು!” ಎಂದು ಸಿಡಿದಳು ಭದ್ರಮ್ಮ.

ಸಿದ್ದಮಲ್ಲಪ್ಪ ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಕುಡುಗೋಲಿತ್ತು. ಅವನು ಕಡ್ಡಿಯ ಬಳಿ ಕೂತು ಕುಡುಗೋಲಿನ ಬಾಯನ್ನು ದಾರಕ್ಕೆ ಇನ್ನೇನು ಸೋಕಬೇಕು ಎನ್ನುವಷ್ಟು ಹತ್ತಿರ ತಂದ. ಒಂದು ಕ್ಷಣ, ಇನ್ನೊಂದು ಕ್ಷಣ. ಸೋಕಿಸಲು ಮನಸ್ಸು ಬರಲಿಲ್ಲ.

“ಬ್ಯಾಡ ಅಪ್ಪಾಜಿ.”

“ಪರೀಕ್ಷೆ ಓಯ್ತದೆ ಮಗಾ.”

“ನಾಳೆ ಬ್ಯಾರನ್‌ಗೆ ಒಂದ್ ಕಿಡಿ ಬಿದ್ರೂ, ರುದ್ರಿ ಇಂಗ್ಲಿಷ್ಗೆ ಸೊಪ್ಪೆಲ್ಲಾ ಬೂದಿಯಾಯ್ತು ಅಂತಾರೆ ಊರೋರು. ಆಮೇಲೆ ನಾನು ಪಾಸಾದ್ರೇನು, ಬುಟ್ರೇನು? ಕುಡ್ಲು ಅತ್ಲಾಗಿಡಿ. ಕಡ್ಡಿ ಎಗಲ್ ಮ್ಯಾಲಾಕ್ಕಳಿ. ಓಗಾನ.”

“ಎಲ್ಲಿಗೆ?”

“ಉಣಸೂರಿಗೆ! ಪರೀಕ್ಷೆಗೆ!”

ಸಿದ್ದಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಭದ್ರಮ್ಮ ಸೋಮಮ್ಮನ ಮುಖ ನೋಡಿದಳು. ಸೋಮಮ್ಮ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ಮಗಳು ಹಿತ್ತಲ ಬಾಗಿಲು ದಾಟುವಾಗ ಮಾತ್ರ ಅವಳು ಹಿಂದಿನಿಂದ ಕೂಗಿದಳು:

“ಎಳೀಬ್ಯಾಡ್ರಿ ಕಣಣ್ಣಾ! ಎಳುದಷ್ಟೂ ಬಿಗೀತದೆ! ನನ್ ಗಂಟು ತಾಳ್ಮೆ ಕೇಳ್ತದೆ!”

*

ಬಸ್ ಕಂಡಕ್ಟರ್ ಕುಳ್ಳಯ್ಯ ಇಪ್ಪತ್ತು ವರ್ಷದ ನೌಕರಿಯಲ್ಲಿ ಕೋಳಿ, ಕುರಿ, ಒಮ್ಮೆ ಕೆಟ್ಟುಹೋದ ಹಾರ್ಮೋನಿಯಂ ಸಹ ಹತ್ತಿಸಿದ್ದ. ಆದರೆ ಮುಂದೆ ಹುಡುಗಿ, ಹಿಂದೆ ಜಡೆ, ಜಡೆಯ ಹಿಂದೆ ಹೊಗೆಸೊಪ್ಪಿನ ಕಡ್ಡಿ, ಕಡ್ಡಿಯ ಹಿಂದೆ ಸಿದ್ದಮಲ್ಲಪ್ಪ, ಹೀಗೆ ಬರುವ ಮೆರವಣಿಗೆಯನ್ನು ಅವನು ಕಂಡಿರಲಿಲ್ಲ.

“ಮಾವಾ, ಸೊಪ್ಪನ್ನ ಟಾಪಿಗಾಕಿ. ಒಳಗೆ ಸೊಪ್ಪಿಗೆ ಜಾಗ ಇಲ್ಲ.”

“ಆಕ್ತೀನಪ್ಪಾ. ಆದ್ರೆ ನನ್ ಮಗಳೂ ಜೊತೇಲಿ ಟಾಪಿಗೇ ಬತ್ತಾಳೆ.”

ಕುಳ್ಳಯ್ಯ ಜಡೆಯನ್ನು ಕಣ್ಣಿನಲ್ಲೇ ಹಿಂಬಾಲಿಸಿದ. ಕಡ್ಡಿಯ ತನಕ ಹೋಗಿ, ಮತ್ತೆ ತಲೆಯ ತನಕ ಬಂದು, ತನ್ನ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಇದೇನವ್ವಾ ರುದ್ರಮ್ಮಾ, ಮೈಸೂರ್ ಕಡೆ ಹೊಸಾ ಫ್ಯಾಷನ್ನಾ?”

“ಉಣಸೂರ್ ತಲ್ಪುಸಣ್ಣಾ, ಎಲ್ಲಾ ಹೇಳ್ತೀನಿ. ಹತ್ ಗಂಟೆಗೆ ಪರೀಕ್ಷೆ!”

ಕಡ್ಡಿ ಎರಡು ಸೀಟುಗಳ ಬೆನ್ನಿನ ಮೇಲೆ ಅಡ್ಡಲಾಗಿ ಕೂತಿತು. ಬಸ್ಸು ಕುಲುಕಿದಾಗಲೆಲ್ಲ ಎಲೆಗಳು ಪ್ರಯಾಣಿಕರ ಕೆನ್ನೆ ಸವರಿದವು. ಮುದುಕನೊಬ್ಬ ಒಂದೆಲೆ ಕಿತ್ತು ಮೂಸಲು ಕೈ ಚಾಚಿದ, ಸಿದ್ದಮಲ್ಲಪ್ಪ “ದೇವರದು!” ಎಂದು ಗುಡುಗಿದ್ದಕ್ಕೆ ಮುದುಕ ಬೆಚ್ಚಿ ಎಲೆಗೇ ಕೈಮುಗಿದ. ಅಷ್ಟು ಸಾಕಾಯಿತು. ಮುಂದಿನ ಹಳ್ಳಿಯಲ್ಲಿ ಹತ್ತಿದ ಇಬ್ಬರು ಹೆಂಗಸರು, ಹಿಂದಿನವರು ಮುಗಿದರೆಂದು ತಾವೂ ಕಡ್ಡಿಗೆ ಕೈಮುಗಿದೇ ಕೂತರು.

ಎಲ್ಲ ಸುಸೂತ್ರವಾಗಿಯೇ ನಡೆಯುತ್ತಿತ್ತು, ಕೆರೆ ಏರಿಯ ತಿರುವಿನ ತನಕ.

ಅಲ್ಲಿ ಬಸ್ಸು ಒಂದು ಸಲ ನರಳಿತು. ಹಿಂದಿನ ಎಡ ಚಕ್ರ ರಾತ್ರಿಯ ಮಳೆಗೆ ನೆನೆದ ಕೆಮ್ಮಣ್ಣಿನೊಳಗೆ ಇಳಿಯಿತು. ಡ್ರೈವರು ಒತ್ತಿದಷ್ಟೂ ಚಕ್ರ ಗಿರ್ರನೆ ತಿರುಗಿ ಇನ್ನೂ ಆಳಕ್ಕೆ ಕೂತಿತು. ಎಂಜಿನ್ ನಿಂತಿತು. ಕೆರೆಯಲ್ಲಿ ಕಪ್ಪೆ ಕೂಗುವುದು ಕೇಳಿಸಿತು.

“ಎಲ್ಲಾರೂ ಇಳ್ದು ತಳ್ಳಿ!” ಎಂದ ಕುಳ್ಳಯ್ಯ.

ಎಲ್ಲರೂ ಇಳಿದು ತಳ್ಳಿದರು. ಅಪ್ಪ ಮಗಳಿಗೆ ಮಾತ್ರ ಇಳಿಯಲೂ ಆಗಲಿಲ್ಲ, ತಳ್ಳಲೂ ಆಗಲಿಲ್ಲ. ಯಾರದೋ ಗಡಿಯಾರದಲ್ಲಿ ಒಂಬತ್ತಾಯಿತು. ಒಂಬತ್ತೂ ಹತ್ತಾಯಿತು.

“ಚಕ್ರದ್ ಕೆಳ್ಗೆ ಸೊಪ್ಪಾಕ್ಬೇಕು ಕಣ್ಲಾ! ಅಂಗಾದ್ರೆ ಇಡಿತ ಸಿಕ್ತದೆ!” ಎಂದು ಡ್ರೈವರು ಕೂಗಿದ.

ಮೂವತ್ತು ಜೊತೆ ಕಣ್ಣುಗಳು ಒಟ್ಟಿಗೆ ಬಸ್ಸಿನ ಕಿಟಕಿಯ ಕಡೆಗೆ ತಿರುಗಿದವು. ಕಿಟಕಿಯಲ್ಲಿ ನೂರು ಹಸಿರೆಲೆಗಳು ತೂಗುತ್ತಿದ್ದವು.

“ಯಾವೋನ್ಲಾ ಅವ್ನು?” ಸಿದ್ದಮಲ್ಲಪ್ಪ ಕಡ್ಡಿಯನ್ನು ಎದೆಗವಚಿಕೊಂಡ. ಅವಚಿಕೊಂಡ ರಭಸಕ್ಕೆ ರುದ್ರಿಯ ತಲೆ ಹಿಂದಕ್ಕೆ ಎಗರಿತು. “ಬನ್ರಲಾ ನೋಡಾನ! ಒಂದ್ ಎಲೆ ಮುಟ್ಟಿ!”

“ಮುಟ್ಟಲ್ಲ ಬುಡು ಮಾವಾ,” ಎಂದು ಕುಳ್ಳಯ್ಯ ನಿಟ್ಟುಸಿರಿಟ್ಟ. ಕೈಮುಗಿದಿದ್ದ ಇಬ್ಬರು ಹೆಂಗಸರು ಏರಿಯ ಲಂಟಾನದ ಪೊದೆಗೆ ನುಗ್ಗಿ, ಮಡಿಲು ತುಂಬ ಸೊಪ್ಪು ಮುರಿದು ತಂದು ಚಕ್ರದಡಿ ತುರುಕಿದರು.

ರುದ್ರಿ ಕಿಟಕಿಯಿಂದ ಬಗ್ಗಲಾಗದಷ್ಟು ಬಗ್ಗಿ ಚಕ್ರವನ್ನೇ ನೋಡುತ್ತಿದ್ದಳು. ಯಾರೂ ಹಿಡಿದಿಲ್ಲ. ಯಾರೂ ಕಟ್ಟಿಲ್ಲ. ತನ್ನ ಭಾರಕ್ಕೆ ತಾನೇ ಕೆಸರಿನಲ್ಲಿ ಕುಸಿಯುತ್ತಿದೆ. “ಬಾಗ್,” ಎಂದು ಪಿಸುಗುಟ್ಟಿದಳು. ಗೈಡು ಬರೆದವನಿಗೆ ಕೆರೆ ಏರಿಯ ದಾರಿ ತಿಳಿದಿರಲಿಲ್ಲ. ತಿಳಿದಿದ್ದರೆ ಐದಕ್ಕೂ ಒಂದೇ ಅರ್ಥ ಬರೆಯುತ್ತಿರಲಿಲ್ಲ.

ಲಂಟಾನದ ಮೇಲೆ ಚಕ್ರ ಹಲ್ಲೂರಿತು. ಬಸ್ಸು ಕೆಸರು ಕಾರಿ, ಕುಳ್ಳಯ್ಯನ ಖಾಕಿಯನ್ನು ಕೆಂಪು ಮಾಡಿ, ಮೇಲಕ್ಕೆ ಹಾರಿತು.

ಹುಣಸೂರಿನ ಪರೀಕ್ಷಾ ಕೇಂದ್ರದ ಬಾಗಿಲಿನಲ್ಲಿ ಅವರು ನಿಂತಾಗ ಗಂಟೆ ಹತ್ತೂ ಇಪ್ಪತ್ತು. ಹತ್ತೂವರೆಯ ಮೇಲೆ ಬಂದವರಿಗೆ ಪ್ರವೇಶವಿಲ್ಲವೆಂದು ಬಾಗಿಲ ಮೇಲೆ ಬರೆದಿತ್ತು. ಬಾಗಿಲ ಕೆಳಗೆ, ಬರೆದದ್ದಕ್ಕಿಂತ ಗಟ್ಟಿಯಾಗಿ, ಮೇಲ್ವಿಚಾರಕ ವೀರಭದ್ರಸ್ವಾಮಿಯವರು ನಿಂತಿದ್ದರು.

*

ವೀರಭದ್ರಸ್ವಾಮಿಯವರು ಬಿಳಿ ಪಂಚೆ, ಬಿಳಿ ಕೋಟಿನ ಮನುಷ್ಯ. ಕಾಪಿ ಹೊಡೆಯುವವರನ್ನು ಹಿಡಿಯುವುದು ಅವರಿಗೆ ಬರೀ ಕರ್ತವ್ಯವಾಗಿರಲಿಲ್ಲ, ಮೀನು ಹಿಡಿಯುವವನಿಗೆ ಹೊಳೆಯಿದ್ದಂತೆ ಸಂತೋಷವಾಗಿತ್ತು. ಬೂಟಿನ ಅಟ್ಟೆಯಿಂದ, ರುಮಾಲಿನ ಮಡಿಕೆಯಿಂದ, ಒಮ್ಮೆ ರೊಟ್ಟಿಯ ಪದರದಿಂದಲೂ ಚೀಟಿ ತೆಗೆದವರು ಅವರು. ಈಗ ಅವರ ಎದುರು ನೂರೆಲೆಯ ಒಂದು ಪುಸ್ತಕವೇ ಬಂದು ನಿಂತಿತ್ತು.

“ಇದೇನಮ್ಮಾ ಇದು?”

“ದೇವರ ಕಡ್ಡಿ ಸಾರ್.”

“ಕಥೆ ಬೇಡ. ಬಿಚ್ಚಿ.”

“ಬಿಚ್ಚಂಗಿಲ್ಲ ಸಾರ್.”

“ಹಾಗಾದರೆ ಕತ್ತರಿಸಿ.”

“ಕತ್ತರುಸ್ದ್ರೆ ಬ್ಯಾರನ್ ಉರ್ದೋಯ್ತದೆ ಸಾಮಿ” ಎಂದ ಸಿದ್ದಮಲ್ಲಪ್ಪ.

ವೀರಭದ್ರಸ್ವಾಮಿಯವರ ಹುಬ್ಬು ಮೇಲೇರಿತು. ಇಷ್ಟು ಗಟ್ಟಿಮುಟ್ಟಾದ ಸುಳ್ಳನ್ನು ಅವರು ಈ ಕೇಂದ್ರದಲ್ಲಿ ಕೇಳಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ಮೊದಲ ಎಲೆಯನ್ನು ಮಗುಚಿದರು. ಎರಡನೆಯದನ್ನು ಮಗುಚಿದರು. ಮಗುಚುತ್ತ ಹೋದರು. ಹತ್ತನೆಯ ಎಲೆಗೆ ಅಂಟು ಮೆತ್ತಿ ಬೆರಳು ಕಪ್ಪಾಯಿತು, ಇಪ್ಪತ್ತಕ್ಕೆ ಅಂಗೈ. ಐವತ್ತನೆಯದಕ್ಕೆ ಬೆವರು ಒರೆಸಿಕೊಂಡ ಹಣೆಯ ಮೇಲೆ ಕಪ್ಪು ನಾಮವೊಂದು ಮೂಡಿತು. ಶಾಲೆಯ ಗಡಿಯಾರ ಹತ್ತೂ ಇಪ್ಪತ್ತೇಳು ತೋರಿಸುತ್ತಿತ್ತು. ಎಂಬತ್ತಮೂರನೆಯ ಎಲೆಯಡಿ ಅವರ ಕಣ್ಣು ಮಿನುಗಿತು.

“ಹಾ! ಸಿಕ್ಕಿತು!”

ರುದ್ರಿಗೆ ಬೆಳಗಿನ ಪದಗಳ ಚೀಟಿ ನೆನಪಾಯಿತು.

ಅವರು ಹೊರಕ್ಕೆಳೆದದ್ದು ಕಿರುಬೆರಳಿನಷ್ಟು ದಪ್ಪದ ಒಂದು ಹಸಿರು ಹುಳುವನ್ನು. ಅದು ಮುಂದಿನರ್ಧ ದೇಹವನ್ನು ಎತ್ತಿ, ಮೇಲ್ವಿಚಾರಕರನ್ನು ಬಹಳ ಹೊತ್ತು ಪರೀಕ್ಷಿಸಿತು.

“ಅದ್ಕೆ ಇಂಗ್ಲಿಷ್ ಬರಾಕಿಲ್ಲ ಸಾಮಿ,” ಎಂದ ಸಿದ್ದಮಲ್ಲಪ್ಪ ವಿನಯದಿಂದ.

ಒಳಗೆ ಕೂತಿದ್ದ ನಲವತ್ತು ಅಭ್ಯರ್ಥಿಗಳು ಒಮ್ಮೆಲೇ ನಕ್ಕರು. ವೀರಭದ್ರಸ್ವಾಮಿಯವರು ಹುಳುವನ್ನು ಬಿಸಾಡಿ, ಗಡಿಯಾರ ನೋಡಿ, ಹುಡುಗಿಯ ತುಂಬಿದ ಕಣ್ಣು ನೋಡಿ, ತಮ್ಮ ಕರಿಯ ಕೈ ನೋಡಿಕೊಂಡರು. ಅವರ ತೀರ್ಪು ಹೀಗಿತ್ತು: ಹುಡುಗಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಬರೆಯತಕ್ಕದ್ದು. ಅವಳ ಜಡೆ ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ಹೋಗತಕ್ಕದ್ದು. ಕಡ್ಡಿಯನ್ನು ತಂದೆಯಾದವನು ಅಂಗಳದಲ್ಲಿ ಹಿಡಿದು ನಿಲ್ಲತಕ್ಕದ್ದು.

“ನೀವು ಒಂದು ಮಾತಾಡಿದರೆ, ಅಥವಾ ಅವಳು ಒಂದು ಸಲ ಹಿಂದಿರುಗಿ ನೋಡಿದರೆ, ಉತ್ತರ ಪತ್ರಿಕೆ ಅಲ್ಲಿಗೇ ರದ್ದು. ತಿಳಿಯಿತೆ?”

“ಮಾತಾಡೋಕೆ ನಂಗೇನ್ ಬತ್ತದೆ ಸಾಮಿ? ನಂಗ್ ಇಂಗ್ಲಿಷ್ ಬಂದಿದ್ರೆ ಅವ್ಳು ಎರಡ್ ಸಲ ಫೇಲಾಗ್ತಿದ್ಲಾ?”

“ಇದೂ ಒಂದು ಮಾತೇ!”

ಸಿದ್ದಮಲ್ಲಪ್ಪ ಬಾಯಿಗೆ ಬೀಗ ಹಾಕಿಕೊಂಡ.

ಜಡೆಯನ್ನು ಸರಳುಗಳೊಳಗಿಂದ ತೂರಿಸಿ ರುದ್ರಿಯನ್ನು ಕೂರಿಸುವಾಗ ಗಡಿಯಾರದ ಮುಳ್ಳು ಹತ್ತೂವರೆ ಮುಟ್ಟಿತು. ಪ್ರಶ್ನೆಪತ್ರಿಕೆ ಕೈಗೆ ಬಂತು. ಅವಳು ಮೊದಲು ಹುಡುಕಿದ್ದು ಆ ಒಂದು ಪ್ರಶ್ನೆಯನ್ನು. ಇತ್ತು! ಅದೇ ಪದಗಳು. ಟ್ರ್ಯಾಪ್, ಎಂಟ್ಯಾಂಗಲ್, ಎಂಬ್ರಾಯಿಲ್, ಬಾಗ್. ಐದನೆಯದು ಮಾತ್ರ ಹೊಸದು.

ರಿಲೀಸ್.

ಅರ್ಥ ಗೊತ್ತಿತ್ತು: ಬಿಡುಗಡೆ. ಆದರೆ ಬೆಳಗಿನಿಂದ ಅವಳಿಗೆ ಸಿಕ್ಕಿಕೊಳ್ಳುವುದರಲ್ಲಿ ಎಷ್ಟು ಅನುಭವವಾಗಿತ್ತೋ, ಬಿಡುಗಡೆಯಲ್ಲಿ ಅಷ್ಟೂ ಸೊನ್ನೆ. ಅದಕ್ಕೂ ಒಂದು ಇಲಿ ಬರೆಯಲು ಕೈ ತುರಿಸಿತು. ತಡೆದುಕೊಂಡಳು.

ಮೊದಲು ಉಳಿದ ಪ್ರಶ್ನೆಗಳು. ಪತ್ರಲೇಖನ, ವ್ಯಾಕರಣ, ಪಾಠದ ಸಾರಾಂಶ. ಬಳಿಕ ಪದಗಳು. ನನ್ನ ತಂದೆ ಇಬ್ಬರು ಹೆಂಗಸರ ಜಗಳದಲ್ಲಿ ಸಿಕ್ಕಿಕೊಂಡರು. ನಮ್ಮ ಬಸ್ಸು ಕೆಸರಿನಲ್ಲಿ ಹೂತಿತು. ನನ್ನ ಕೂದಲು ಹೊಗೆಸೊಪ್ಪಿನ ದಾರದಲ್ಲಿ ತೊಡಕಿತು. ಮೇಲ್ವಿಚಾರಕರು ಒಬ್ಬ ಕಳ್ಳನನ್ನು ಬಲೆಗೆ ಕೆಡವಲು ಹೋಗಿ ಒಂದು ಹುಳುವನ್ನು ಹಿಡಿದರು. ಪೆನ್ನು ತಾನಾಗಿ ಓಡಿತು. ಆ ಎರಡೂವರೆ ಗಂಟೆಗಳಲ್ಲಿ ಅವಳಿಗೆ ಇಂಗ್ಲಿಷು ಮೊದಲ ಸಲ ತನ್ನ ಹಿತ್ತಲಿನ ಭಾಷೆಯಂತೆ ಕಂಡಿತು.

ಹೊರಗೆ ಸಿದ್ದಮಲ್ಲಪ್ಪನ ನೆತ್ತಿಯ ಮೇಲೆ ಬಿಸಿಲು ಏರಿತು. ಅವನು ಕಡ್ಡಿಯನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಿಸಿದಾಗಲೆಲ್ಲ ಒಳಗೆ ಮಗಳ ತಲೆ ಬಲದಿಂದ ಎಡಕ್ಕೆ ವಾಲುತ್ತಿತ್ತು. ಒಮ್ಮೆ ಸೀನು ಬಂತು. ಮೂಗು ಒತ್ತಿ, ಕಣ್ಣು ಒತ್ತಿ, ಹೇಗೋ ನುಂಗಿದ. ನುಂಗಿದ ಸೀನು ಭುಜಕ್ಕಿಳಿದು ಒಳಗೆ ಒಂದು ಅಕ್ಷರ ಸೊಟ್ಟಗಾಯಿತು. ಶಾಲೆಯ ಜವಾನ ಮರುಕದಿಂದ ಒಂದು ಲೋಟ ನೀರು ತಂದುಕೊಟ್ಟ. ಎರಡೂ ಕೈ ಕಡ್ಡಿಯಲ್ಲಿದ್ದವನು ಕರುವಿನಂತೆ ಕತ್ತು ಚಾಚಿ ಕುಡಿದ.

ಗಡಿಯಾರದಲ್ಲಿ ಹನ್ನೆರಡು ದಾಟಿತು. ನಿನ್ನೆ ಸಂಜೆ ಮುರಿದ ಎಲೆಗಳು ಬಿಸಿಲಿಗೆ ಬಾಡಿ, ಕಿವಿಗಳಂತೆ ಜೋಲುಬಿದ್ದವು. ತೊಟ್ಟುಗಳು ಸೊರಗಿದವು. ಸಿದ್ದಮಲ್ಲಪ್ಪ ಕಣ್ಣು ಕಿರಿದು ಮಾಡಿ ನೋಡಿದ. ದಾರದ ಕುಣಿಕೆಯಲ್ಲಿ, ಇದುವರೆಗೆ ಇಲ್ಲದಿದ್ದ ಒಂದು ಸಂದು ಕಾಣಿಸುತ್ತಿತ್ತು.

ಅವನು ಕಡ್ಡಿಯನ್ನು ಅಲುಗದಂತೆ ಹಿಡಿದು ನಿಂತ.

ಒಂದು ಕುಣಿಕೆಯಿಂದ ಜಡೆ ತಾನಾಗಿ ಜಾರಿತು. ಸ್ವಲ್ಪ ಹೊತ್ತಿಗೆ ಎರಡನೆಯದರಿಂದ. ಎಳೆದಷ್ಟೂ ಬಿಗಿಯುತ್ತಿದ್ದದ್ದು, ಎಳೆಯುವವರಿಲ್ಲದೆ, ತಾನೇ ಕೈ ಸಡಿಲಿಸುತ್ತಿತ್ತು. ದಾರ ಕಡಿಯಲಿಲ್ಲ. ಗಂಟು ಬಿಚ್ಚಲಿಲ್ಲ. ಮೂರನೆಯ ಕುಣಿಕೆಯಿಂದ ಜಡೆಯ ತುದಿ ಹೊರಬಂದಾಗ ಸಿದ್ದಮಲ್ಲಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

ಕೂಗಿ ಹೇಳಬೇಕೆನ್ನಿಸಿತು. ಹೇಳುವಂತಿಲ್ಲ. ಥಟ್ಟನೆ ಬಿಟ್ಟರೆ ಮಗಳು ಬೆಚ್ಚಿ ಹಿಂದಿರುಗಿ ನೋಡುತ್ತಾಳೆ. ನೋಡಿದರೆ ಪತ್ರಿಕೆ ರದ್ದು. ಒಂದು ಎಳೆತ. ಅಷ್ಟೇ ಸಾಕು. ಅವಳು ಫೇಲು, ಸೀಟು ಇಲ್ಲ, ಬ್ಯಾರನ್ನಿನ ಅಂಕಿ ಓದುವವಳು ಮನೆಯಲ್ಲೇ ಉಳಿಯುತ್ತಾಳೆ. ಎದೆಯ ಮೂಲೆಯ ಆ ಗೊಣಗು ಮೇಲೆದ್ದು ಬಂದು ಅವನ ಬೆರಳ ತುದಿಯಲ್ಲಿ ನಿಂತಿತು. ಜಡೆಯ ತುದಿ ಹಕ್ಕಿಮರಿಯಷ್ಟು ಹಗುರವಾಗಿತ್ತು.

ಎಂಥ ಯೋಚನೆ ಬಂತಪ್ಪ ನನಗೆ! ಅವನು ಜಡೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ, ಹಾಲು ತುಂಬಿದ ಲೋಟ ಸಾಗಿಸುವವನ ಹಾಗೆ, ಕಿಟಕಿಯ ಬಳಿಗೆ ಸರಿದ. ಸರಳಿನೊಳಗಿಂದ ಕೈ ತೂರಿಸಿ, ಮಗಳ ಬೆನ್ನಿನ ಮೇಲೆ ಅದನ್ನು ಮೆಲ್ಲಗೆ ಮಲಗಿಸಿದ. ಆಮೇಲೆ ಬೆರಳು ಬಿಟ್ಟ.

ಅದೇ ಕ್ಷಣ ಒಳಗೆ ಗುಡುಗಿತು: “ಕಿಟಕಿಯೊಳಗೆ ಕೈ ಯಾರದು?”

ಸಿದ್ದಮಲ್ಲಪ್ಪ ಬರಿಗೈಗಳೆರಡನ್ನೂ ಮೇಲೆತ್ತಿ ತೋರಿಸಿದ. ಕಡ್ಡಿ ಕುತ್ತಿಗೆಯ ಮೇಲೆ ನಿಂತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ವೀರಭದ್ರಸ್ವಾಮಿಯವರು ದಾಪುಗಾಲಿನಲ್ಲಿ ಬಂದರು. ಬೆಂಚು ನೋಡಿದರು, ಚೀಟಿಯಿಲ್ಲ. ಹುಡುಗಿಯನ್ನು ನೋಡಿದರು, ಅವಳು ಹಿಂದಿರುಗಿರಲಿಲ್ಲ. ತಲೆ ಬಗ್ಗಿಸಿ ಗೀಚುತ್ತಲೇ ಇದ್ದಳು. ಬಳಿಕ ಬೆನ್ನಿನ ಮೇಲೆ ಮಲಗಿದ್ದ ಜಡೆಯನ್ನು ನೋಡಿದರು, ಹೊರಗೆ ಎರಡು ಕೈಯೆತ್ತಿ ನಿಂತಿದ್ದ ಬೆವರಿನ ಮನುಷ್ಯನನ್ನು ನೋಡಿದರು. ಹಣೆಯ ಮೇಲೆ ಕಪ್ಪು ನಾಮವಿದ್ದ ಆ ಮುಖದಲ್ಲಿ ಒಂದು ನಗು ಹುಟ್ಟಿ, ಗಂಭೀರವಾಗಲು ಬಹಳ ಹೆಣಗಿತು.

“ಕೊನೆಯ ಹತ್ತು ನಿಮಿಷ,” ಎಂದರು, ಯಾರ ಕಡೆಗೂ ನೋಡದೆ.

ಆ ಗುಡುಗಿಗೆ ರುದ್ರಿ ತಿರುಗಲಿಲ್ಲವೆಂಬುದು ನಿಜ. ತಿರುಗಿದರೆ ಸೋತೆನೆಂದು ಹಲ್ಲು ಕಚ್ಚಿ ಕಾಗದದ ಮೇಲೆ ಇನ್ನೂ ಬಗ್ಗಿದ್ದಳು. ಬಗ್ಗಿದಾಗ ತಿಳಿಯಿತು: ಬೆಳಗಿನಿಂದ ಹೋಗಲಾರದಿದ್ದಷ್ಟು ಮುಂದಕ್ಕೆ ತಲೆ ಹೋಗಿದೆ. ಹಿಂದಿನಿಂದ ಎಳೆತವಿಲ್ಲ. ಬೆನ್ನಿನ ಮೇಲೆ ಬಿಸಿಲಿನ ಕಾವಿದ್ದ ಏನೋ ಒಂದು ಮೆತ್ತಗೆ ಕೂತಿದೆ.

ಅವಳು ಖಾಲಿ ಬಿಟ್ಟಿದ್ದ ಐದನೆಯ ಸಾಲಿಗೆ ಹೋದಳು. ರಿಲೀಸ್. ಇಂಗ್ಲಿಷಿನಲ್ಲಿ ಎಂಟೇ ಪದಗಳಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: ನನ್ನ ತಂದೆ ನನ್ನ ಜಡೆ ಬಿಟ್ಟರು, ನನಗೆ ತಿಳಿಯಲೇ ಇಲ್ಲ.

*

ದೇವರ ಕಡ್ಡಿ ಸಂಜೆ ಐದಕ್ಕೆ ಗಾವಡಗೆರೆ ಸೇರಿತು. ದಾರ ಅಖಂಡವಾಗಿತ್ತು, ಗಂಟು ಅಖಂಡವಾಗಿತ್ತು. ನಡುವೆ ಮೂರು ಕುಣಿಕೆಗಳು ಮಾತ್ರ ಬಾಯಿಬಿಟ್ಟುಕೊಂಡಿದ್ದವು. ಸೋಮಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಭದ್ರಮ್ಮನಿಗೆ ಕೇಳಿಸುವಂತೆ ಹೇಳಿದಳು: “ನನ್ ಗಂಟಿಗೆ ಬುದ್ಧಿ ಅದೆ ಕಣವ್ವಾ. ಯಾವಾಗ್ ಹಿಡೀಬೇಕು, ಯಾವಾಗ್ ಬುಡ್ಬೇಕು, ಎಲ್ಲಾ ಗೊತ್ತು.”

“ಕಟ್ಟೋವಾಗ ಎಲ್ಲೋಗಿತ್ತು ಆ ಬುದ್ಧಿ?” ಎಂದಳು ಭದ್ರಮ್ಮ. ಆದರೆ ಆ ಹೊತ್ತಿಗೆ ಸೋಮಮ್ಮನ ಮುಂದೆ ಕಾಫಿಯ ಲೋಟ ಇಟ್ಟಾಗಿತ್ತು.

ಹಗಲೆಲ್ಲ ಕಟ್ಟಿ ತುಂಬಿದ್ದ ಉಳಿದ ಕಡ್ಡಿಗಳ ಜೊತೆಗೆ ದೇವರ ಕಡ್ಡಿಯೂ ಬಾಗಿಲ ಮೇಲಿನ ತನ್ನ ಜಾಗಕ್ಕೇರಿತು. ಬಾಗಿಲು ಮುಚ್ಚಿ ಬೆಂಕಿ ಹೊತ್ತಿಸಿದರು. ಸ್ವಲ್ಪ ಹೊತ್ತಿಗೆ ರುದ್ರಿ ಇಣುಕುಗಂಡಿಯಿಂದ ಥರ್ಮಾಮೀಟರು ನೋಡಲು ಬಗ್ಗಿದಳು.

“ಇರು,” ಎಂದ ಸಿದ್ದಮಲ್ಲಪ್ಪ. “ನಂಗ್ ತೋರ್ಸು. ಅದ್ಯಾವ್ದು, ಒಂದ್ ಕೋಲು, ಎರಡ್ ಕೋಳಿಮೊಟ್ಟೆ?”

“ನೂರು ಅಪ್ಪಾಜಿ.”

“ನೂರು. ಮುಂದುಕ್ಕೆ?”

ಆರು ದಿನ, ಒಂದೊಂದು ಡಿಗ್ರಿಯಾಗಿ, ಕಾವಿನ ಜೊತೆಗೆ ಅಪ್ಪನೂ ಏರಿದ. ಏಳಕ್ಕೂ ಒಂಬತ್ತಕ್ಕೂ ಅವನ ಜಗಳ ಮೂರನೆಯ ದಿನ ಮುಗಿಯಿತು. ಆರು ಮಾತ್ರ ಕೊನೆಯ ತನಕ ಕಾಡಿಸಿತು. ಕೊನೆಯ ಕಾವಾದ ನೂರ ಅರವತ್ತು ಮುಟ್ಟಿದ ದಿನ ಅವನು ಯಾರನ್ನೂ ಕೇಳದೆ ಅಂಕಿ ಓದಿ ಕೂಗಿದ; ಸೋಮಮ್ಮ ದಾರದ ತುದಿ ಹಿಡಿದು ಒಂದೇ ಎಳೆತಕ್ಕೆ ದೇವರ ಕಡ್ಡಿಯನ್ನು ಬಿಚ್ಚಿದಳು. ಹೊಂಬಣ್ಣದ ಎಲೆಗಳು ಜಗುಲಿಯ ತುಂಬ ಉದುರಿದವು.

ನವೆಂಬರಿನಲ್ಲಿ ಹುಣಸೂರಿನ ಶಾಲೆಯ ಹಲಗೆಯ ಮೇಲೆ ಪಾಸಾದವರ ನಂಬರುಗಳ ಪಟ್ಟಿ ಅಂಟಿಸಿದರು. ರುದ್ರಿಗೆ ಗುಂಪಿನೊಳಗೆ ನುಗ್ಗಲು ಕಾಲು ಬರಲಿಲ್ಲ. ಗೇಟಿನ ಬಳಿ ನಿಂತು ಕಣ್ಣು ಮುಚ್ಚಿಕೊಂಡಳು. ಸಿದ್ದಮಲ್ಲಪ್ಪ ಅವಳ ಹಾಲ್ ಟಿಕೆಟ್ ಕಿತ್ತುಕೊಂಡು, ಹುಡುಗರ ಹೆಗಲು ಸರಿಸಿ, ಹಲಗೆಗೆ ಮೂಗು ತಾಗುವಷ್ಟು ಹತ್ತಿರ ನಿಂತ. ಬೆರಳಿಟ್ಟು, ಮೇಲಿನಿಂದ ಕೆಳಕ್ಕೆ, ಬ್ಯಾರನ್ನಿನ ಇಣುಕುಗಂಡಿಯಲ್ಲಿ ನೋಡುವ ಹಾಗೆ, ಒಂದು ಕಣ್ಣು ಮುಚ್ಚಿಕೊಂಡು ಓದತೊಡಗಿದ. ಬೆರಳು ನಿಂತಿತು. ಇನ್ನೊಮ್ಮೆ ಓದಿದ.

“ಸಾವಿರದ ನೂರ ಅರವತ್ತೆರಡು!” ಶಾಲೆಯ ಹೆಂಚು ಹಾರುವಂತೆ ಅವನು ಕೂಗಿದ. “ಮಗಾ! ಅರವತ್ತೆರಡು! ಎರಡ್ ಡಿಗ್ರಿ ಜಾಸ್ತೀನೇ ಬಂದದೆ ಕಣವ್ವಾ!”

ಸಿಬ್ಬಂದಿ ಕೊಠಡಿಯಿಂದ ವೀರಭದ್ರಸ್ವಾಮಿಯವರು ಹೊರಗೆ ಇಣುಕಿದರು. ಗುಂಪಿನ ನಡುವೆ ಕುಣಿಯುತ್ತಿದ್ದವನ ಗುರುತು ಹತ್ತಿ, ಮೊದಲು ಅವನ ಹೆಗಲನ್ನೂ ಬಳಿಕ ಎರಡು ಕೈಗಳನ್ನೂ ಎಚ್ಚರಿಕೆಯಿಂದ ಪರೀಕ್ಷಿಸಿದರು. ಎಲೆ ಇರಲಿಲ್ಲ. ಸಮಾಧಾನವಾಗಿ ಹೊರಗೆ ಬಂದರು.

“ಏನಮ್ಮಾ, ತರಬೇತಿಗೆ ಹೊರಟೆಯೋ? ಮುಂದಿನ ವರ್ಷ ಆ ದೇವರ ಕಡ್ಡಿಗೆ ಎಲೆ ಕೊಡುವವರು ಯಾರು?”

“ನಾನೇ ಸಾರ್. ರಜಾ ಹಾಕಿ ಬತ್ತೀನಿ,” ಎಂದಳು ರುದ್ರಿ, ಕಣ್ಣೊರೆಸಿಕೊಂಡು ನಗುತ್ತ. ಕೈ ತಾನಾಗಿ ಬೆನ್ನ ಹಿಂದೆ ಹೋಗಿ, ಜಡೆಯನ್ನು ಮುಂದಕ್ಕೆಳೆದು, ನೆತ್ತಿಯ ಮೇಲೆ ಗಟ್ಟಿಯಾಗಿ ಸುತ್ತಿಕೊಂಡಿತು. “ಆದ್ರೆ ತುರುಬು ಕಟ್ಕಂಡು ಬತ್ತೀನಿ.”